ಹಸನಬ್ಬನಿಗೆ ಕಾಲು ತೋರಿಸಿ ಬಂದದ್ದು

ಶುಕ್ರವಾರ ಬೆಳಿಗ್ಗೆ ದಮ್ಮಾಮ್ ಸ್ಟೇಷನ್ನಿಗೆ ರೈಲು ಹೊರಡುವ ಒಂದೂವರೆ ಗಂಟೆ ಮೊದಲೇ ಮುಟ್ಟಿದೆ. ದಹ್ರಾನಿನ ಕ್ಯಾಂಪ್ ಗೇಟಿನಲ್ಲಿ ಹನ್ನೊಂದು ವರ್ಷ ಸೆಕ್ಯುರಿಟಿ ಕೆಲಸ ಮಾಡಿದವನಿಗೆ ಕೂತು ಅಭ್ಯಾಸವಿಲ್ಲ ಎಂದು ಬೇಕಾದರೆ ಹೇಳಬಹುದು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಎರಡು ಸಲ ಚಹಾ ಕುಡಿದೆ. ಹೊಸ ಬೂಟು ಹಾಕಿಕೊಂಡು ಆ ತುದಿಯಿಂದ ಈ ತುದಿಗೆ ನಡೆದೆ. ನೂರ ಚಿಲ್ಲರೆ ರಿಯಾಲಿನ ಟಿಕೇಟು ಹಾಳಾಗಲಿ, ರೂಮಿಗೆ ಹೋಗಿ ಮಲಗಿಬಿಡೋಣ ಎಂದು ಒಮ್ಮೆ ಹೊರಬಾಗಿಲವರೆಗೂ ಹೋಗಿದ್ದೆ. ಆದರೆ ಮುಂದಿನ ತಿಂಗಳು ನನ್ನ ಕೆಲಸ ಮುಗಿಯುತ್ತದೆ. ಊರಿಗೆ ಹೋದವನು ಮತ್ತೆ ಈ ಕಡೆ ಬರುವುದಿಲ್ಲ. ಅಷ್ಟರೊಳಗೆ ಹಸನಬ್ಬನ ಎದುರು ನಿಂತು ಒಂದು ಮಾತು ಹೇಳಲೇಬೇಕಿತ್ತು.

ನಾನು ಪುತ್ತೂರಿನ ಕಡೆಯವನು, ಅವನು ಬಂಟ್ವಾಳದವನು. ಇಪ್ಪತ್ತೆರಡು ವರ್ಷಗಳ ಹಿಂದೆ ಇಬ್ಬರೂ ಸೈನ್ಯದಲ್ಲಿದ್ದಾಗ ಸಿಯಾಚಿನ್ ಹಿಮದ ಮೇಲಿನ ಒಂದು ಠಾಣೆಯಲ್ಲಿ ಎಂಟು ಜನರ ಜೊತೆ ಮೂರು ತಿಂಗಳು ಕಳೆದವರು. ಅಲ್ಲಿ ಕಿತ್ತಳೆ ಹಣ್ಣು ಒಡೆಯಲು ಸುತ್ತಿಗೆ ಬೇಕಿತ್ತು. ಸೀಮೆಎಣ್ಣೆ ಸ್ಟವ್ವಿನ ಹೊಗೆಗೆ ಉಗುಳು ಕೂಡ ಕಪ್ಪಾಗಿರುತ್ತಿತ್ತು. ಒಂದು ನಿಯಮವಿತ್ತು: ಸಂಜೆ ಆರಕ್ಕೆ ಎಲ್ಲರೂ ಬೂಟು, ಕಾಲುಚೀಲ ಕಳಚಬೇಕು. ತನ್ನ ಕಾಲನ್ನು ತಾನೇ ನೋಡಿಕೊಂಡರೆ ಲೆಕ್ಕಕ್ಕಿಲ್ಲ, ಯಾಕೆಂದರೆ ಮರಗಟ್ಟಿದ ಬೆರಳು ನೋಯುವುದೇ ಇಲ್ಲ. ಜೋಡಿಯವನು ಟಾರ್ಚು ಹಾಕಿ, ಒಂದೊಂದೇ ಬೆರಳು ಒತ್ತಿ, ರಕ್ತ ತಿರುಗಿ ಬರುತ್ತದೆಯೇ ಎಂದು ನೋಡಿ, ಹವಾಲ್ದಾರರಿಗೆ “ಠೀಕ್ ಹೈ” ಎಂದು ಕೂಗಬೇಕು. ನನ್ನ ಜೋಡಿ ಹಸನಬ್ಬ. ಒಂದು ಸಂಜೆ, ಇಡೀ ದಿನ ಹಿಮ ಅಗೆದು ಬಂದ ನಾನು, ಮಲಗಿದಲ್ಲಿಂದಲೇ “ಠೀಕ್ ಹೈ” ಎಂದು ಕೂಗಿಬಿಟ್ಟೆ. ಎರಡು ದಿನ ಕಳೆದು ಹೆಲಿಕಾಪ್ಟರ್ ಬಂದು, ಕಾಲ್ಬೆರಳು ಕಪ್ಪಾಗಿದ್ದ ಅವನನ್ನು ಕೆಳಗೆ ಒಯ್ದಿತು.

ರೈಲು ಹುಫೂಫ್ ದಾಟಿದ ಮೇಲೆ ಕಿಟಕಿಯಲ್ಲಿ ಮರಳು ಬಿಟ್ಟರೆ ಬೇರೇನಿಲ್ಲ. ಹೇಳಬೇಕಾದ ಮಾತನ್ನು ನಾಲ್ಕು ಗಂಟೆ ಮನಸ್ಸಿನಲ್ಲೇ ತಿದ್ದಿದೆ. ಯಾವುದೂ ಸರಿಯಾಗಲಿಲ್ಲ.

ರಿಯಾದಿನಿಂದ ಅಲ್ ಖರ್ಜ್‌ಗೆ ಎಂಬತ್ತು ಕಿಲೋಮೀಟರ್. ಟ್ಯಾಕ್ಸಿಯವನು ಉಪ್ಪಿನಂಗಡಿಯ ಹಮೀದ್. ಎಸಿ ಕಮ್ಮಿ ಮಾಡಲು ಹೇಳಿದ್ದಕ್ಕೆ ಕನ್ನಡಿಯಲ್ಲಿ ನನ್ನ ಮುಖ ನೋಡಿದ.

“ಹೊರಗೆ ನಲ್ವತ್ತಾರು ಉಂಟು ಮಾರಾಯ್ರೆ. ನಿಮಗೆ ಚಳಿಯಾ?”

“ಚಳಿ ಅಂದ್ರೆ ಆಗುದಿಲ್ಲ ನನಗೆ.”

“ಹಾಗಾದ್ರೆ ಸರಿಯಾದ ದೇಶಕ್ಕೇ ಬಂದಿದ್ದೀರಿ,” ಎಂದು ನಕ್ಕ. ಎರಡು ಸಲ ಗಾಡಿ ತಿರುಗಿಸಲು ಹೇಳಬೇಕು ಅನಿಸಿತು.

ಹಸನಬ್ಬ ಒಂದು ಹಾಲಿನ ಕಾರ್ಖಾನೆಯ ಕೋಲ್ಡ್ ಸ್ಟೋರಿನಲ್ಲಿದ್ದಾನೆ. ಒಳಗೆ ಹೋದವರು ಹೊತ್ತಿಗೆ ಸರಿಯಾಗಿ ಹೊರಗೆ ಬಂದರೇ, ಕೈಗವಸು ಒದ್ದೆಯಾಗಿದೆಯೇ ಎಂದು ಬಾಗಿಲಲ್ಲಿ ಕೂತು ನೋಡುವುದೇ ಅವನ ಕೆಲಸ. ರೂಮಿನ ಬಾಗಿಲಿಗೆ ಅವನೇ ಬಂದ. ಗಡ್ಡ ಪೂರಾ ಬೆಳ್ಳಗಾಗಿತ್ತು. ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದ. ಮನೆಯೊಳಗೂ ಕಾಲುಚೀಲ ಹಾಕಿದ್ದ. ನಾನು ಬೂಟು ಕಳಚಿ ಒಳಗೆ ಹೋದೆ. ತುಪ್ಪದನ್ನ, ಕೋಳಿ ಸಾರು ತಯಾರಿತ್ತು.

“ಕೂತ್ಕೊ ಮಾರಾಯ. ತಣಿದು ಹೋಗ್ತದೆ.”

“ಮೊದಲು ಒಂದು ಮಾತು ಹೇಳ್ಲಿಕ್ಕುಂಟು. ಆ ದಿನ ನಾನು ನಿನ್ನ ಕಾಲು ನೋಡ್ಲೇ ಇಲ್ಲ. ನೋಡದೇ ಹೇಳಿದ್ದು.”

ಅವನು ಬಡಿಸುವ ಕೈ ನಿಲ್ಲಿಸಲಿಲ್ಲ. “ಗೊತ್ತುಂಟು. ಕಾಲು ನಂದಲ್ವಾ?”

“ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?”

“ಎಂತ ಹೇಳುದು? ಆ ಹೊತ್ತಿಗೆ ನಂಗೂ ಮಲಗಿದ್ರೆ ಸಾಕಿತ್ತು. ಸಿಟ್ಟು ಆಮೇಲೆ ಬಂದದ್ದು. ಹತ್ತು ವರ್ಷ ನಿನ್ನ ಹೆಸ್ರು ಕೇಳಿದ್ರೆ ಮೈ ಉರೀತಿತ್ತು.”

“ಈಗ?”

“ಈಗಲೂ ಸ್ವಲ್ಪ ಉಂಟು,” ಎಂದ. ಅದನ್ನು ಕೇಳಿ ನನಗೆ ಅಳು ಬಂತು. ಇಲ್ಲ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ನನ್ನ ಕಣ್ಣೀರು ನೋಡಲು ಇಷ್ಟವಿಲ್ಲದೆ ಅವನು ನೆಲ ನೋಡಿದ. ನೋಡಿದವನು ಪಾತ್ರೆ ಕೆಳಗಿಟ್ಟ.

“ಇದೆಂತ ರಕ್ತ?”

ಬಾಗಿಲಿಂದ ಚಾಪೆಯವರೆಗೆ ನಾನು ಬಂದ ದಾರಿಯಲ್ಲಿ ಕೆಂಪು ಕಲೆಗಳಿದ್ದವು. ಅವನು ಎದುರು ಕುಳಿತು ನನ್ನ ಬಲಗಾಲನ್ನು ತೊಡೆಯ ಮೇಲೆ ಎಳೆದುಕೊಂಡ. ಕಾಲುಚೀಲ ಕಳಚಿ, ಫೋನಿನ ಟಾರ್ಚು ಹಾಕಿ, ಹೆಬ್ಬೆರಳಿಂದ ಶುರುಮಾಡಿ ಒಂದೊಂದೇ ಒತ್ತಿದ.

“ನೋಯ್ತದಾ?”

“ಇಲ್ಲ.”

“ಶುಗರ್ ಉಂಟಾ ನಿಂಗೆ?”

“ಎಂಟು ವರ್ಷ ಆಯ್ತು.”

ನನ್ನ ಹೊಸ ಬೂಟು ತಂದು ಒಳಗೆ ಕೈ ಹಾಕಿದ. ಅಟ್ಟೆಯಿಂದ ಒಂದು ಸಣ್ಣ ಮೊಳೆ ಮೇಲೆ ಬಂದಿತ್ತು. ದಮ್ಮಾಮ್ ಪ್ಲಾಟ್‌ಫಾರ್ಮಿನಿಂದ ನೋವೇ ಗೊತ್ತಾಗದೆ ಅದನ್ನು ಮೆಟ್ಟಿಕೊಂಡೇ ನಡೆದಿದ್ದೆ. ಅವನು ತಲೆ ಎತ್ತಿ, ರೂಮಿನಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರೂ ಇಲ್ಲದಿದ್ದರೂ, ಹವಾಲ್ದಾರರಿಗೆ ಕೇಳುವಂತೆ ಕೂಗಿದ: “ಠೀಕ್ ನಹೀಂ ಹೈ!”

ಊಟ ಅಲ್ಲೇ ಬಿಟ್ಟು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದ. ಮಲಯಾಳಿ ನರ್ಸು ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು, ಇನ್ನು ದಿನಾಲೂ ಕಾಲು ನೋಡಿಕೊಳ್ಳಬೇಕು ಎಂದು ಗದರಿದಳು. “ಅವನದ್ದು ಅವನು ನೋಡಿದ್ರೆ ಆಗುದಿಲ್ಲ ಸಿಸ್ಟರ್,” ಎಂದ ಹಸನಬ್ಬ. ತಣ್ಣಗಾದ ಅನ್ನವನ್ನು ನಾಲ್ಕೂವರೆಗೆ ಉಂಡೆವು.

ಮರುದಿನ ಅವನ ಹಳೇ ಚಪ್ಪಲಿ ಹಾಕಿಕೊಂಡು ಮಧ್ಯಾಹ್ನದ ರೈಲು ಹತ್ತಿದೆ. ಹುಫೂಫಿನ ಖರ್ಜೂರದ ತೋಟಗಳ ಹತ್ತಿರ ಬರುವಾಗ ಸರಿಯಾಗಿ ಆರು ಗಂಟೆ. ಫೋನು ಹೊಡೆದುಕೊಂಡಿತು, ಹಸನಬ್ಬನ ವಿಡಿಯೋ ಕಾಲ್.

“ಯಲ್ಲಾ, ಬೇಗ ಕಾಲು ತೋರ್ಸು.”

ಎದುರು ಸೀಟಿನ ಅರಬ್ಬಿ ಮುದುಕ ಕಣ್ಣರಳಿಸಿ ನೋಡುತ್ತಿದ್ದಂತೆ ಕಾಲೆತ್ತಿ ಪಟ್ಟಿ ತೋರಿಸಿದೆ. ಹಸನಬ್ಬ ಫೋನು ಇಡಲು ಹೊರಟಾಗ ನಾನು ಬಿಡಲಿಲ್ಲ. “ನಿಂದು?”

“ನಂದು ಎಂತಕ್ಕೆ ಈಗ?”

“ತೋರ್ಸು ಮಾರಾಯ.”

ಕಾಲುಚೀಲ ಕಳಚಲು ಅವನಿಗೆ ತುಂಬ ಹೊತ್ತು ಹಿಡಿಯಿತು. ಮೊದಲು ಬಲಗಾಲು, ಆಮೇಲೆ ಎಡಗಾಲು. ಫೋನನ್ನು ಮುಖದ ಹತ್ತಿರ ಹಿಡಿದು ಬೆರಳುಗಳನ್ನು ಒಂದೊಂದಾಗಿ ಎಣಿಸಿದೆ. ಏಳು.

“ನೋಡಿದ್ಯಾ?” ಎಂದ.

“ನೋಡಿದೆ,” ಎಂದೆ.