ಪಾಯಿಂಟ್ ಭಾವ

ಬಂಧುಬಳಗವೆಲ್ಲ ‘ಪಾಯಿಂಟ್ ಭಾವ’ ಎಂದೇ ಕರೆಯುವ ನಮ್ಮ ಅಕ್ಕನ ಗಂಡನಿಗೆ ಹಸಿವಾಗುವುದೂ ಕ್ರೆಡಿಟ್ ಕಾರ್ಡಿನ ಅಪ್ಪಣೆಯಾದ ಮೇಲೆ. ಹೋಟೆಲಿನಲ್ಲಿ ನಾವು ಮೆನು ನೋಡುತ್ತಿದ್ದರೆ ಇವರು ನೇರ ಗಲ್ಲಾಪೆಟ್ಟಿಗೆಗೆ ಹೋಗಿ, “ಸ್ವಾಮಿ, ನಿಮ್ಮ ಕಾರ್ಡು ಉಜ್ಜೋ ಮಿಷನ್ನು ಬ್ಯಾಂಕಿಗೆ ಏನಂತ ಹೇಳುತ್ತೆ, ಹೋಟೆಲ್ ಅಂತಲೋ ಬೇಕರಿ ಅಂತಲೋ?” ಎಂದು ವಿಚಾರಿಸುತ್ತಾರೆ. ಕಾರ್ಡು ಉಜ್ಜಿದ್ದಕ್ಕೆ ಬ್ಯಾಂಕು ಬಹುಮಾನವಾಗಿ ಕೊಡುವ ಪಾಯಿಂಟ್ ಊಟದ ಖರ್ಚಿಗಾದರೆ ಐದು ಪಟ್ಟು, ಬೇಕರಿಗೆ ಬರೀ ಒಂದು. ಬೇಕರಿ ಎಂಬ ಉತ್ತರ ಬಂದರೆ ಕೈತೊಳೆದು ಕುಳಿತವರನ್ನೂ ಎಬ್ಬಿಸಿಕೊಂಡು ಹೊರಡುತ್ತಾರೆ. ಪಕ್ಕದ ಮೇಜಿನ ಅಪರಿಚಿತರಿಗೂ, “ನಗದು ನನ್ ಕೈಗೆ ಕೊಡಿ, ಕಾರ್ಡು ನಾನು ಉಜ್ತೀನಿ” ಎಂದು ದುಂಬಾಲು ಬೀಳುತ್ತಾರೆ. ಯಾವುದೋ ಒಂದು ಕಾಫಿಯನ್ನು ಕಿರಾಣಿ ಖರ್ಚಿಗೆ ಸೇರಿಸಿದರೆಂದು ಬ್ಯಾಂಕಿನ ಹುಡುಗಿಯೊಡನೆ ಮಧ್ಯಾಹ್ನವೆಲ್ಲ ಫೋನಿನಲ್ಲಿ ಗುದ್ದಾಡಿದ್ದುಂಟು. ಅಕ್ಕ ಆಸ್ಪತ್ರೆಯಲ್ಲಿ ಕಡೆಯ ದಿನ ಎಣಿಸುತ್ತಿದ್ದಾಗ ಭಾವ ಮೂರು ಹೊತ್ತೂ ಅಲ್ಲಿನ ಕ್ಯಾಂಟೀನಿನಲ್ಲೇ ಕಾರ್ಡು ಉಜ್ಜಿದ್ದರು. ಬ್ಯಾಂಕಿನವರು ಅದಷ್ಟನ್ನೂ ಆಸ್ಪತ್ರೆ ಖರ್ಚೆಂದು ಬರೆದುಕೊಂಡು, ಊಟದ ಪಾಯಿಂಟ್ ಕೊಡಲಿಲ್ಲ. “ಭಾವ, ಫೋನ್ ಮಾಡಿ ಕೇಳಲ್ವಾ?” ಎಂದೆ. “ಏನಂತ ಕೇಳಲಿ,” ಎಂದರು, “ಅದು ಊಟ ಅಲ್ಲ ಅನ್ನೋದು ಅವರಿಗೂ ಗೊತ್ತಾಗಿದೆಯಲ್ಲ.”