ಅತ್ತೆ ಬಿಟ್ಟುಕೊಟ್ಟ ಕಡಾಯಿ

ಸೋದರತ್ತೆಯ ಎಡಗೈ ತುಂಬ ಹಸಿರು ಹಚ್ಚೆಯ ಬಳ್ಳಿ. ಅದರ ಕೊನೆಯ ಎಲೆ ಮೊಳಕೈಯ ಒಳಮಡಿಕೆಯಲ್ಲಿ. ಕಲಬುರಗಿಯ ಆಸ್ಪತ್ರೆಯಲ್ಲಿ ಸೂಜಿ ಹಿಡಿದ ನರ್ಸಮ್ಮನಿಗೆ ಅತ್ತೆಯೇ ತೋರಿಸುತ್ತಿದ್ದಳು: "ಎಲಿ ಮಗ್ಗಲದಾಗ ನರ ಅದ, ಹುಡುಕಬ್ಯಾಡವ್ವ."

ಕರಜಗಿಯ ಮನೆಯಲ್ಲಿ ಅವಳ ಮಾತೇ ಮಾತು. ಹೆರಿಗೆಯಲ್ಲಿ ಹಾಕಿಸಿಕೊಂಡ ರಕ್ತದಿಂದ ಹೆಪಟೈಟಿಸ್ ಸಿ ಅಂಟಿದ್ದು ಗೊತ್ತಾಗುವಷ್ಟರಲ್ಲಿ ಆಗ ಹುಟ್ಟಿದ ಮಗನೇ ಮದುವೆಯ ವಯಸ್ಸಿಗೆ ಬಂದಿದ್ದ. ಆಗಿನ ಇಂಜೆಕ್ಷನ್ ಅವಳಿಗೆ ಒಗ್ಗಲಿಲ್ಲ, ಈಗಿನ ಗುಳಿಗೆಗಳು ಇನ್ನೂ ಬಂದಿರಲಿಲ್ಲ. ಲಿವರಿನಲ್ಲಿ ಕಬ್ಬಿಣದಂಶ ಬಹಳ ಕೂಡಿದೆ, ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ, ಆಗಾಗ ಒಂದಿಷ್ಟು ರಕ್ತ ತೆಗೆದರೆ ಇಳಿಯುತ್ತದೆ ಎಂದರು ಡಾಕ್ಟರು. ಅತ್ತೆ ಹೆದರಲಿಲ್ಲ. "ಹಾಕಿದ ರಕ್ತದಾಗ ಬಂದದ, ತಗದ ರಕ್ತದಾಗ ಹೋಗ್ಲಿ ಬಿಡ್ರಿ" ಎಂದಳು.

ಹೆದರಿದ್ದು ಓಣಿ. ಅವಳು ಬಸ್ಸಿಳಿದರೆ ಸಾಕು, ಹೆಂಗಸರು ಬೆಲ್ಲ, ಖರ್ಜೂರ ಹಿಡಿದು ಬರುತ್ತಿದ್ದರು. "ಎಷ್ಟ್ ರಕ್ತ ಹೋಯ್ತೋ ಏನೋ, ತಿನ್ರಿ ಅಕ್ಕಾ." ಅತ್ತೆಯೂ ಬೇಡ ಎನ್ನುವವಳಲ್ಲ. ಜೊತೆಗೆ ತವರಿನಿಂದ ತಂದ ಕಬ್ಬಿಣದ ಕಡಾಯಿಯಲ್ಲಿ ಪುಂಡಿಸೊಪ್ಪಿನ ಹುಳಿ ಪಲ್ಯ. ಅದರಲ್ಲೇ ಒಂದು ದಿನ ಇಟ್ಟು, ಬಿಸಿ ರೊಟ್ಟಿಗೆ ಹಚ್ಚಿಕೊಂಡು ತಿಂದರೇ ಅವಳಿಗೆ ಊಟ. "ಪಲ್ಯಾ ಕರ್ರಗ ಆಗಬೇಕು, ಆವಾಗ ರುಚಿ." ಉಪ್ಪು ನೋಡಲು ಬೇರೆಯವರಿಗೆ ಬಿಡುತ್ತಲೇ ಇರಲಿಲ್ಲ.

ಎಷ್ಟು ಸಲ ರಕ್ತ ತೆಗೆದರೂ ಕಬ್ಬಿಣ ಇಳಿಯಲೊಲ್ಲದು. ಅಫಜಲಪುರದಿಂದ ನಾನೂ ಜೊತೆಗೆ ಹೋಗಿದ್ದ ಒಂದು ದಿನ ಡಾಕ್ಟರು ಕೇಳಿದರು. "ಹಿಂಗಾದ್ರ ಲಿವರ್ ಭಾಳ ದಿನ ತಡಿಯಂಗಿಲ್ರಿ. ಮನ್ಯಾಗ ಏನ್ ಉಣ್ತೀರಿ?"

ಅತ್ತೆ ಹೆಮ್ಮೆಯಿಂದ ಎಲ್ಲ ಹೇಳಿದಳು, ಕಡಾಯಿ ಸಮೇತ. ಡಾಕ್ಟರು ಪೆನ್ನು ಕೆಳಗಿಟ್ಟರು.

"ಹುಳಿಗೆ ಕಡಾಯಿ ಕಬ್ಬಿಣ ಪಲ್ಯಾಕ್ಕ ಇಳಿತದ್ರಿ. ನಾ ಒಂದ್ ಕಡಿಂದ ತಗ್ಯಾಕತ್ತೇನಿ, ನೀವು ಇನ್ನೊಂದ್ ಕಡಿಂದ ತುಂಬಾಕತ್ತೀರಿ."

ಮುಂದಿನ ವಾರ ಅತ್ತೆ ಕಡಾಯಿಯನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ನನ್ನ ಮನೆಗೆ ಬಂದಳು. ನಾನಾಗ ಬಸುರಿ, ರಕ್ತ ಕಡಿಮೆ, ನುಂಗಿದ ಕಬ್ಬಿಣದ ಗುಳಿಗೆಯೆಲ್ಲ ವಾಂತಿ. "ನನಗ ಹೆಚ್ಚಾಗ್ಯದ, ನಿನಗ ಕಡಿಮಿ ಬಿದ್ದದ. ಇದು ಇಲ್ಲೇ ಇರ್ಲಿ" ಎಂದಳು. ನನ್ನ ಒಲೆಯ ಮೇಲೆ ತಾನೇ ಪಲ್ಯ ಕುದಿಸಿದಳು. ಬೆರಳು ಬಾಯಿವರೆಗೆ ಹೋಗಿ ನಿಂತಿತು. ಸೌಟು ನನ್ನ ಕಡೆ ಚಾಚಿ, "ಉಪ್ಪು ನೀನೇ ನೋಡು" ಎಂದಳು.

ಕಬ್ಬಿಣ ಇಳಿಯಿತು. ಹೊಸ ಗುಳಿಗೆ ಬರುವವರೆಗೆ ಲಿವರು ತಾಳಿತು, ಗುಳಿಗೆ ವೈರಸ್ಸನ್ನೂ ಓಡಿಸಿತು. ಇನ್ನು ಒಮ್ಮೊಮ್ಮೆ ಬೇಕಾದ್ದು ಉಣ್ಣಬಹುದು ಎಂದು ಡಾಕ್ಟರು ಹೇಳಿದ ದಿನ ನಾನು ಕಡಾಯಿ ತೊಳೆದು ಅವಳ ಮುಂದಿಟ್ಟೆ. "ಕೊಟ್ಟದ್ದು ಕೊಟ್ಟೆ. ಒಂದ್ ತುತ್ತು ಹಾಕು, ಸಾಕು" ಎಂದಳು. ಅದರಲ್ಲೇ ಪಲ್ಯ ಮಾಡಿ ಬಡಿಸಿದೆ. ಕಣ್ಣು ಮುಚ್ಚಿ ಅಗಿದಳು. ನಾನು ಹೊಗಳಿಕೆಗೆ ಕಾದು ನಿಂತಿದ್ದೆ.

"ಇಷ್ಟ್ ವರ್ಷ ಉಪ್ಪು ಕಡಿಮಿನೇ ಹಾಕಿದಿ ಏನ ಬೇ?"

ಹೋದ ವರ್ಷ ಅತ್ತೆ ತುಂಬು ಮುಪ್ಪಿನಲ್ಲಿ, ಉಂಡು ಮಲಗಿದವಳು ಏಳಲಿಲ್ಲ. ನನ್ನ ಮಗಳ ಮೈಯಲ್ಲಿ ಹರಿಯುವುದು ಅತ್ತೆ ಬಿಟ್ಟುಕೊಟ್ಟ ಊಟ, ಆ ಋಣ ತೀರುವಂಥದ್ದಲ್ಲ. ಪಲ್ಯ ಕುದಿಯುವಾಗ ನಾನು ಉಪ್ಪು ನೋಡುತ್ತೇನೆ, ಸರಿಯಾಗಿಯೇ ಇರುತ್ತದೆ. ಆದರೂ ಇನ್ನೊಂದು ಚಿಟಿಕೆ ಹಾಕುತ್ತೇನೆ.