ಸಕ್ಕರೆ ಬಿಟ್ಟ ಓಣಿ ಮತ್ತು ನನ್ನ ಮೊಮ್ಮಗಳ ಸೈಕಲ್ಲು

ನನ್ನ ಮೊಮ್ಮಗಳು ಸೈಕಲ್ ಓಡಿಸಿ ಸಂಬಳ ತರುತ್ತಾಳೆ. ನಮ್ಮ ತಿಕೋಟಾದಲ್ಲಿ ಬಸ್ಸಿಗೆ ಕಾಯುವವರಿಗೆಲ್ಲ ಮೊದಲು ಇದನ್ನೇ ಹೇಳುತ್ತೇನೆ, ಹಾಗಾಗಿ ಇಲ್ಲಿಯೂ ಮೊದಲು ಇದನ್ನೇ ಬರೆದೆ. ನಾನು ಕಲಿತದ್ದು ಮೂರನೇ ಇಯತ್ತೆ. ಅಷ್ಟರಲ್ಲಿ ಎಷ್ಟು ಬರುತ್ತದೋ ಅಷ್ಟು.

ಆಕೆಗೆ ಸಕ್ಕರೆ ಕಾಯಿಲೆ. ಮುದುಕರಿಗೆ ಬರುವಂಥದ್ದಲ್ಲ, ಸಾಲೆಗೆ ಹೋಗುವ ವಯಸ್ಸಿನಲ್ಲೇ ಬಂದದ್ದು. ವಿಜಯಪುರದ ದವಾಖಾನೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು. ಇನ್ಸುಲಿನ್ ಸೂಜಿ ಬಿಟ್ಟರೆ ಹುಡುಗಿ ಉಳಿಯುವುದಿಲ್ಲ ಎಂದರು ಡಾಕ್ಟರರು. ಊಟಕ್ಕೆ ಕೂಡುವ ಮೊದಲು ಹೊಟ್ಟೆಗೆ ತಾನೇ ಚುಚ್ಚಿಕೊಳ್ಳುತ್ತಾಳೆ. ಆ ಹೊತ್ತಿಗೆ ನನಗೆ ಒಲೆಯ ಕಡೆ ತಿರುಗುವ ಕೆಲಸವಿರುತ್ತದೆ. ಇಂಥ ಹುಡುಗಿಯನ್ನು ಒಂದು ಸರಕಾರಿ ಇಲಾಖೆ ತನ್ನ ಸೈಕಲ್ ತಂಡಕ್ಕೆ ಕರೆದು ನೌಕರಿ ಕೊಟ್ಟಿದೆ.

ಮನೆಯಲ್ಲಿ ಸಿಹಿ ನಿಲ್ಲಿಸಿದ್ದು ನಾನು. ನಮ್ಮ ಕಡೆ ಬಂದವರಿಗೆ ನೀರಿನ ಜೊತೆ ಬೆಲ್ಲದ ತುಂಡು ಇಡುವುದು ರೂಢಿ. ನಾನು ಬರೀ ನೀರು ಕೊಡತೊಡಗಿದೆ, ಬೀಗರಿಗೂ. ಆಮೇಲೆ ಓಣಿಯೆಲ್ಲ ತಿರುಗಿ, ನನ್ನ ಮೊಮ್ಮಗಳ ಕೈಗೆ ಯಾರೂ ಸಿಹಿ ಕೊಡಕೂಡದು, ಎದುರಿಗೆ ತಿನ್ನಲೂ ಕೂಡದೆಂದು ತಾಕೀತು ಮಾಡಿದೆ. ರಸ್ತೆಯ ಮೇಲೆ ಚಹಾದಂಗಡಿ ಇಟ್ಟಿರುವ ಚಾಚಾನಿಗೂ ಹೇಳಿದೆ.

"ಆಕಿ ಚಾ ಕೇಳಿದ್ರ?" ಎಂದರು.

"ಸಪ್ಪನ್ನ ಚಾ ಕೊಡ್ರಿ."

"ಸಪ್ಪನ್ನ ಚಾ ಮಾಡಿದ್ರ ನನ್ನ ಅಂಗಡಿಗೆ ಯಾರ ಬರ್ತಾರಕ್ಕಾ?"

"ಅಂಗಡಿ ಇರಬೇಕಂದ್ರ ಕೊಡ್ರಿ."

ಮೊಮ್ಮಗಳು ನನ್ನನ್ನು ಆಯಿ ಎನ್ನುತ್ತಾಳೆ. "ಆಯಿ, ಒಮ್ಮೊಮ್ಮೆ ಮೈಯಾಗ ಸಕ್ಕರಿ ಕಡಿಮಿ ಆಗ್ತೈತಿ. ಆಗ ಲಗೂನ ಸಿಹಿ ತಿನ್ನಲಿಲ್ಲಂದ್ರ ಬಿದ್ದ ಹೋಗ್ತೀನಿ," ಎಂದು ಎಷ್ಟೋ ಸಲ ಹೇಳಿದ್ದಳು. ಸಿಹಿ ತಿನ್ನಬೇಕೆಂದರೆ ಮಕ್ಕಳು ಏನೇನೋ ಹೇಳುತ್ತಾರೆ. ನಾನು ಕಿವಿಗೊಡದೆ ಕೊತ್ತಂಬರಿ ಸೊಪ್ಪು ಸೋಸುತ್ತಿರುತ್ತಿದ್ದೆ.

ಹೋದ ಚಳಿಗಾಲದಲ್ಲಿ ನಮ್ಮ ರಸ್ತೆಯಲ್ಲೇ ಸ್ಪರ್ಧೆ ಬಂತು. ವಿಜಯಪುರದಿಂದ ಹೊರಟು, ತಿಕೋಟಾ ದಾಟಿ ಕನಮಡಿಗೆ ಹೋಗಿ ಮರಳುವುದು. ಓಣಿಯೆಲ್ಲ ಚಾಚಾನ ಅಂಗಡಿಯ ಮುಂದೆ ನಿಂತಿತು. ಹೋಗುವಾಗ ಮೊಮ್ಮಗಳು ಮುಂದಿನ ಗುಂಪಿನಲ್ಲಿದ್ದಳು. ನಮ್ಮ ಕಡೆ ನೋಡಲಿಲ್ಲ. ಕೆಲಸದಲ್ಲಿದ್ದಳು.

ಮರಳುವಾಗ ಗುಂಪು ಮೊದಲೇ ಹೋಯಿತು, ಈಕೆ ಹಿಂದಿನಿಂದ ಒಬ್ಬಳೇ ಬಂದಳು. ಸೈಕಲ್ಲು ಕುಡಿದವರ ಸೈಕಲ್ಲಿನಂತೆ ಆ ಬದಿ ಈ ಬದಿ ಹೋಗುತ್ತಿತ್ತು. ಅಂಗಡಿಯ ಮುಂದೆ ಒಂದು ಕಾಲು ಊರಿ ನಿಂತಳು. ಅಂಥ ಥಂಡಿಯಲ್ಲಿ ಮುಖದಿಂದ ಬೆವರು ಇಳಿಯುತ್ತಿತ್ತು. ಅಂಗಿಯ ಬೆನ್ನ ಕಿಸೆಯಲ್ಲಿದ್ದ ಗ್ಲೂಕೋಸ್ ಎಲ್ಲೋ ದಾರಿಯಲ್ಲಿ ಬಿದ್ದಿತ್ತು. ತಂಡದ ಜೀಪು, ಪಂಕ್ಚರಾದ ಇನ್ನೊಬ್ಬ ಹುಡುಗಿಗಾಗಿ ಹಿಂದೆ ಉಳಿದಿತ್ತು. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ.

"ಚಾಚಾ, ಸಕ್ಕರಿ ಕೊಡ್ರಿ."

ಚಾಚಾ ಸಕ್ಕರೆ ಡಬ್ಬಿಯ ಮೇಲೆ ಕೈ ಇಟ್ಟು ನನ್ನ ಮುಖ ನೋಡಿದರು. ಓಣಿಯೆಲ್ಲ ನನ್ನ ಮುಖ ನೋಡಿತು. ನನ್ನ ಮಾತನ್ನು ಅಷ್ಟು ಜನ ಒಟ್ಟಿಗೆ ಪಾಲಿಸಿದ್ದು ಅದೊಂದೇ ಸಲ.

"ಬೀಳ್ತೀನಿ ಆಯಿ," ಎಂದಳು. ದನಿ ಆಕೆಯದಾಗಿರಲಿಲ್ಲ.

ಆಗ ನಮ್ಮ ಮನೆಯವರು, ಆಕೆಯ ಅಜ್ಜ, ಜನರನ್ನು ಸರಿಸಿ ಮುಂದೆ ಬಂದರು. ಅಂಗಿಯ ಒಳಕಿಸೆಗೆ ಕೈ ಹಾಕಿ, ಕಾಗದದಲ್ಲಿ ಸುತ್ತಿದ ಬೆಲ್ಲ ತೆಗೆದು ಆಕೆಯ ಬಾಯಿಗಿಟ್ಟರು. ಕಾಗದ ಮೆತ್ತಗಾಗಿ ಹೋಗಿತ್ತು. ಒಂದು ದಿನದ್ದಲ್ಲ ಅದು.

"ಇದೆಲ್ಲಿಂದ ಬಂತ್ರಿ?" ಎಂದೆ.

"ಆಮ್ಯಾಲ ಬೈಯಂತಿ. ಮದ್ಲ ಆಕಿ ತಿನ್ಲಿ."

ಅದನ್ನು ನೋಡಿ ಉಳಿದವರಿಗೂ ಧೈರ್ಯ ಬಂತು. ಒಬ್ಬಳ ಸೆರಗಿನಿಂದ ಒಣದ್ರಾಕ್ಷಿ, ಇನ್ನೊಬ್ಬನ ಕಿಸೆಯಿಂದ ಶೇಂಗಾ ಚಿಕ್ಕಿ. ಚಾಚಾ ಸಕ್ಕರೆ ಕಲಸಿದ ನೀರು ಕೊಟ್ಟರು. ನನ್ನ ಓಣಿಯಲ್ಲಿ ಇಷ್ಟು ಸಿಹಿ ಓಡಾಡುತ್ತಿತ್ತೆಂದು ನನಗೆ ತಿಳಿದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಬೆವರು ನಿಂತಿತು, ಮುಖಕ್ಕೆ ಬಣ್ಣ ಬಂತು. ಪಂಕ್ಚರಾದ ಹುಡುಗಿ ದಾಟಿ ಹೋದಳು, ಜೀಪೂ ಬಂತು. ಜೀಪಿನವರು ಆಕೆಯ ಬೆರಳು ಚುಚ್ಚಿ ಸಕ್ಕರೆ ನೋಡಿದರು, ಕೂಡಿಸಿದರು, ಮತ್ತೆ ಚುಚ್ಚಿ ನೋಡಿ ಹೋಗಬಹುದು ಎಂದರು.

"ಸಾಕು, ಮನಿಗಿ ನಡಿ," ಎಂದೆ.

"ಮನಿ ಎಲ್ಲಿ ಹೋಗ್ತೈತಿ ಆಯಿ? ಮುಗಿಸಿ ಬರ್ತೀನಿ."

ಸೈಕಲ್ ಹತ್ತಿದಳು. ಮನೆಯವರು ದೂಡಲು ಸೀಟಿಗೆ ಕೈ ಒಯ್ದರು.

"ಮುಟ್ಟಬ್ಯಾಡ ಮುತ್ಯಾ. ದೂಡಿದ್ರ ಆಟದಿಂದ ತಗದ ಬಿಡ್ತಾರ."

ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ನಾನು ಸೆರಗು ಹಿಡಿದುಕೊಂಡೆ. ಆಕೆ ತಾನೇ ತುಳಿದುಕೊಂಡು ಹೋದಳು, ನೆಟ್ಟಗೆ.

ವಿಜಯಪುರ ಮುಟ್ಟಿದಳು. ಎಷ್ಟನೆಯವಳು ಎಂದು ಜನ ಕೇಳುತ್ತಾರೆ. ಆಕೆಯ ಹಿಂದೆ ಆಂಬುಲೆನ್ಸ್ ಒಂದೇ ಇತ್ತು. ಅದು ಖಾಲಿ ಬಂತು. ನನಗೆ ಅಷ್ಟು ಸಾಕು.

ಮರುದಿನ ಸಿದ್ಧೇಶ್ವರ ಗುಡಿಯ ಹತ್ತಿರ ಪೇಢೆ ಕೊಂಡು ಓಣಿಗೆಲ್ಲ ಹಂಚಿದೆ. ಚಾಚಾ ಕೈ ಚಾಚಲಿಲ್ಲ. "ಪರೀಕ್ಷಾ ಮಾಡಾಕತ್ತೀಯೇನಕ್ಕಾ?" ಎಂದರು. ಮೊಮ್ಮಗಳು ಬೆರಳು ಚುಚ್ಚಿ ನೋಡಿಕೊಂಡು, "ಈಗ ಬ್ಯಾಡ ಆಯಿ, ಜಾಸ್ತಿ ಐತಿ," ಎಂದಳು. ನಾನು ಪೇಢೆ ತಿರುಗಿ ಡಬ್ಬಿಯಲ್ಲಿಟ್ಟೆ. ಈಗ ಆಕೆ ಹೇಳಿದಂತೆಯೇ.

ಮನೆಗೆ ಬಂದವರಿಗೆ ಮತ್ತೆ ಬೆಲ್ಲ ಕೊಡುತ್ತೇನೆ. ಎದುರಿಗೇ ತಿನ್ನುವಂತಾದ ಮೇಲೆ ಅದರ ರುಚಿ ಹೋಯಿತೆಂದು ಮನೆಯವರು ಹೇಳುತ್ತಾರೆ. ಮೊಮ್ಮಗಳ ಅಂಗಿಯ ಬೆನ್ನ ಕಿಸೆಗೆ ನಾನೇ ಗುಂಡಿ ಹಚ್ಚಿಕೊಟ್ಟಿದ್ದೇನೆ. ಇಡೀ ತಂಡದಲ್ಲಿ ಕಿಸೆಗೆ ಗುಂಡಿ ಇರುವುದು ಆಕೆಗೊಬ್ಬಳಿಗೇ.